ಕೊಮೊಡೊ ಉಡ, ರಾಮನಗರದ ರಣಹದ್ದು: ಯಾರಿಗೆ ಹೆಚ್ಚು ಅಪಾಯ?

ಮಾಲ್ಮೋದಿಂದ ಮಾತಾಡ್ತಿದ್ದೀವಿ. ಇಲ್ಲಿನ ಕನ್ನಡದ ಮಕ್ಕಳಿಗೆ ಮೊನ್ನೆ ಎರಡು ಚಿತ್ರ ತೋರಿಸಿ, "ಯಾವುದನ್ನ ಮೊದಲು ಉಳಿಸೋಣ?" ಅಂತ ಕೇಳಿದ್ವಿ. ಒಂದು, ಇಂಡೋನೇಷ್ಯಾದ ಕೊಮೊಡೊ ಡ್ರ್ಯಾಗನ್. ಮೂರು ಮೀಟರ್ ತನಕ ಬೆಳೆಯೋ ಇದು ನಮ್ಮೂರ ಉಡದ ದೊಡ್ಡಣ್ಣ. ಇನ್ನೊಂದು, ಉದ್ದಕೊಕ್ಕಿನ ರಣಹದ್ದು. 'ಶೋಲೆ' ಚಿತ್ರೀಕರಣವಾದ ರಾಮನಗರದ ಬಂಡೆಗಳಲ್ಲಿ ಗೂಡು ಕಟ್ಟೋ ಹಕ್ಕಿ. 2012ರಲ್ಲಿ ರಾಮದೇವರಬೆಟ್ಟ ರಣಹದ್ದು ಧಾಮವಾಗಿದ್ದು ಇದಕ್ಕಾಗಿಯೇ. ಕೈಗಳೆಲ್ಲ ಉಡದ ಪರವಾಗಿ ಎದ್ದವು.

ಐಯುಸಿಎನ್ ಕೆಂಪು ಪಟ್ಟಿ ಬೇರೆ ಮಾತು ಹೇಳುತ್ತೆ. 2021ರಲ್ಲಿ ಕೊಮೊಡೊ 'ಅಳಿವಿನಂಚಿನ' ವರ್ಗ ಸೇರಿತು. ರಣಹದ್ದು ಇರೋದು ಅದಕ್ಕಿಂತ ಗಂಭೀರವಾದ 'ತೀವ್ರ ಅಳಿವಿನಂಚಿನ' ವರ್ಗದಲ್ಲಿ. ವಿಚಿತ್ರ ಅಂದ್ರೆ, ಎಣಿಸಿದರೆ ಉಡಗಳೇ ಕಡಿಮೆ. ಬೆಳೆದವು ಸುಮಾರು 1,400 ಅಂತ ಅಂದಾಜು. ಈ ರಣಹದ್ದುಗಳು ಇನ್ನೂ ಕೆಲವು ಸಾವಿರ ಇವೆ.

ಪಟ್ಟಿ ತಪ್ಪಾ? ಅಲ್ಲ. ಅದು ತಲೆ ಎಣಿಸೋದಷ್ಟೇ ಅಲ್ಲ, ಕುಸಿತದ ವೇಗವನ್ನೂ ನೋಡುತ್ತೆ. 1992ರಿಂದ 2007ರೊಳಗೆ ಭಾರತದ ಉದ್ದಕೊಕ್ಕಿನ ರಣಹದ್ದುಗಳು ಶೇ. 97ರಷ್ಟು ಕಡಿಮೆಯಾದವು. ವರ್ಷಕ್ಕೆ ಒಂದೇ ಮೊಟ್ಟೆ ಇಡೋ ಹಕ್ಕಿಗೆ ಇದು ತಡೆಯಲಾರದ ಪೆಟ್ಟು. ಕಾರಣ, ದನಗಳಿಗೆ ಕೊಡ್ತಿದ್ದ ನೋವಿನ ಔಷಧ ಡೈಕ್ಲೋಫೆನಾಕ್. ಅದು ಮೈಯಲ್ಲಿ ಉಳಿದಿರುವಾಗ ಸತ್ತ ದನವನ್ನ ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತೆ. 2006ರಲ್ಲಿ ಭಾರತ ಇದರ ಪಶುಬಳಕೆ ನಿಷೇಧಿಸಿತು. ಮನುಷ್ಯರಿಗಾಗಿ ಬರೋ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರ್ತಿದ್ದವು. ಹಾಗಾಗಿ 2015ರಲ್ಲಿ ಸೀಸೆಯ ಗಾತ್ರವನ್ನೂ 3 ಮಿ.ಲೀ.ಗೆ ಇಳಿಸಲಾಯಿತು.

ನಮ್ಮ ವಾದ ಇಷ್ಟೇ. ಕೊಮೊಡೊವನ್ನ ಕಾಡ್ತಿರೋದು ಬಿಸಿಯಾಗ್ತಿರೋ ಭೂಮಿ, ಏರ್ತಿರೋ ಸಮುದ್ರ. ಒಂದು ದೇಶದ ಕಾನೂನಿಗೆ ಅದು ಬಗ್ಗಲ್ಲ. ರಣಹದ್ದಿನ ದೊಡ್ಡ ಶತ್ರು ಔಷಧದ ಸೀಸೆಯಲ್ಲಿದೆ. ಹೆಚ್ಚು ಅಪಾಯದಲ್ಲಿರೋದನ್ನೇ ಉಳಿಸೋದು ಇಲ್ಲಿ ಹೆಚ್ಚು ಸುಲಭ. ಆದರೂ ನಾವು ಮುಖ ತಿರುಗಿಸ್ತೀವಿ, ಬೋಳು ಕುತ್ತಿಗೆ ಚಂದ ಇಲ್ಲ ಅಂತ.

ಆಗಲ್ಲ ಅನ್ನೋರಿಗೆ ಸ್ವೀಡನ್ನಿನ ಉದಾಹರಣೆ ಇದೆ. ಡಿಡಿಟಿ, ಪಿಸಿಬಿ ವಿಷದಿಂದ ಇಲ್ಲಿನ ಬಿಳಿಬಾಲದ ಕಡಲಹದ್ದುಗಳ ಮೊಟ್ಟೆ ಮರಿಯಾಗದೇ ಹಾಳಾಗ್ತಿದ್ದವು. ಇವರು ಉಡದ ಪಟ್ಟು ಹಿಡಿದರು. ಆ ರಾಸಾಯನಿಕಗಳನ್ನ ನಿಷೇಧಿಸಿದರು, 1970ರ ದಶಕದಿಂದ ಚಳಿಗಾಲದಲ್ಲಿ ವಿಷವಿಲ್ಲದ ಮಾಂಸ ಇಟ್ಟರು. ಇವತ್ತು ಮಾಲ್ಮೋ ಇರೋ ಸ್ಕೋನೆ ಪ್ರಾಂತ್ಯದಲ್ಲೂ ಅವು ಹಾರ್ತವೆ.

ನೀವು ಎಲ್ಲೇ ಇರಿ, ಊರಿಗೆ ಫೋನ್ ಮಾಡಿದಾಗ ದನ ಸಾಕಿರೋರಿಗೆ ಒಂದು ಮಾತು ಹೇಳಿ. ದನಕ್ಕೆ ನೋವಿನ ಇಂಜೆಕ್ಷನ್ ಬೇಕಾದ್ರೆ, ಮೆಲಾಕ್ಸಿಕಾಂ ಆಗುತ್ತಾ ಅಂತ ಪಶುವೈದ್ಯರನ್ನ ಕೇಳಲಿ. ಅದು ದನಕ್ಕೂ ಆಗುತ್ತೆ, ಹದ್ದನ್ನೂ ಕೊಲ್ಲಲ್ಲ.