ಜಾಫ್ನಾದ ಧವಳ ಸೌಧ

ಕೊಲಂಬೊದಿಂದ ಉತ್ತರಾಭಿಮುಖವಾಗಿ ಹೊರಟು, ಶ್ರೀಲಂಕಾದ ಅಂತರ್ಯುದ್ಧದ ದೆಸೆಯಿಂದ 1990ರಲ್ಲಿ ಕಡಿದುಹೋಗಿ 2014ರಲ್ಲಿ ಪುನರಾರಂಭಗೊಂಡ ರೈಲುಮಾರ್ಗದಲ್ಲಿ, ತಾಳೆಮರಗಳ ಸಾಲುಗಳನ್ನು ನೋಡುತ್ತ ಜಾಫ್ನಾವನ್ನು ತಲುಪಿದ ಪ್ರವಾಸಿಗನು, ಮೊದಲು ಅಲ್ಲಿಯ ಸಾರ್ವಜನಿಕ ಗ್ರಂಥಾಲಯದ ಮುಂದೆ ನಿಂತು, ಅನಂತರವೇ ಉಳಿದುದನ್ನು ನೋಡತಕ್ಕದ್ದೆಂದು ನನ್ನ ಅಭಿಪ್ರಾಯ. ಯುದ್ಧಕ್ಕೆ ಎರಡು ವರ್ಷ ಮೊದಲೇ, 1981ರ ಒಂದು ರಾತ್ರಿ ಹಚ್ಚಿದ ಬೆಂಕಿಯಲ್ಲಿ, ತಾಳೆಗರಿಯ ಹಸ್ತಪ್ರತಿಗಳೂ ಸೇರಿದಂತೆ ಸುಮಾರು 97,000 ಗ್ರಂಥಗಳು ಭಸ್ಮವಾದ ಆ ಸ್ಥಳದಲ್ಲಿ, ಗುಮ್ಮಟಗಳನ್ನು ಹೊತ್ತ ಧವಳ ಸೌಧವು ಮತ್ತೆ ತಲೆಯೆತ್ತಿದೆ. ಸರಸ್ವತಿಯ ವಿಗ್ರಹವನ್ನು ದಾಟಿ ಒಳಹೊಕ್ಕು, ಮೇಜುಗಳ ಮೇಲೆ ಬಾಗಿ ಓದುತ್ತಿದ್ದ ಬಾಲಕ ಬಾಲಿಕೆಯರನ್ನು ಕಂಡಾಗ ನನ್ನ ಕಣ್ಣುಗಳು ತೇವವಾದುವು. ಗೋಡೆಯನ್ನು ಮರಳಿ ಕಟ್ಟಬಹುದು, ಸುಣ್ಣ ಬಳಿಯಬಹುದು. ಲೋಕದಲ್ಲಿ ಒಂದೇ ಪ್ರತಿಯಾಗಿ ಉಳಿದಿದ್ದ ಹಸ್ತಪ್ರತಿಯನ್ನು ಯಾವ ದೇಣಿಗೆಯೂ ತಂದುಕೊಡಲಾರದು.

2009ರಲ್ಲಿ ಯುದ್ಧ ಮುಗಿಯಿತೆಂದು ಜಗತ್ತು ಸಮಾಧಾನಪಟ್ಟುಕೊಂಡಿತಾದರೂ, ಕಾಣೆಯಾದ ಮಕ್ಕಳ ಭಾವಚಿತ್ರಗಳನ್ನು ಎದೆಗವಚಿಕೊಂಡು ಉತ್ತರ ಪ್ರಾಂತ್ಯದ ಬೀದಿಬದಿಗಳಲ್ಲಿ ವರ್ಷಗಟ್ಟಲೆ ಕುಳಿತ ತಾಯಂದಿರಿಗೆ, ಸೈನ್ಯದ ವಶವಾದ ಹೊಲಮನೆಗಳನ್ನು ಬೇಲಿಯಾಚೆಯಿಂದ ನೋಡಿದ ಒಕ್ಕಲುಗಳಿಗೆ, ಅದು ಮುಗಿದಿಲ್ಲ. ರಸ್ತೆ, ರೈಲು, ಹೋಟೆಲುಗಳನ್ನೇ ಚೇತರಿಕೆಯೆಂದು ಎಣಿಸದೆ, ಆ ತಾಯಂದಿರಿಗೆ ತಮ್ಮ ಮಕ್ಕಳು ಏನಾದರೆಂಬುದನ್ನು ತಿಳಿಸುವುದೂ, ಸೈನ್ಯದ ವಶದಲ್ಲಿ ಉಳಿದ ನೆಲವನ್ನು ಒಡೆಯರಿಗೆ ಒಪ್ಪಿಸುವುದೂ ಶ್ರೀಲಂಕಾ ಸರ್ಕಾರದ ಪ್ರಥಮ ಕರ್ತವ್ಯವಾಗಬೇಕು. ಆ ತಾಯಂದಿರಲ್ಲಿ ಎಷ್ಟೋ ಮಂದಿ ಉತ್ತರಕ್ಕಾಗಿ ಕಾಯುತ್ತಲೇ ಕಣ್ಣುಮುಚ್ಚಿದ್ದಾರೆ.