ಗರ್ಭಕಂಠ ಕ್ಯಾನ್ಸರ್ ತಪಾಸಣೆ: ಸಂಕೋಚ ಕಳೆಯುವ ಹೊಣೆ ಯಾರದು?

ದೇಶದಲ್ಲಿ 30ರಿಂದ 49 ವರ್ಷ ವಯಸ್ಸಿನ ಮಹಿಳೆಯರ ಪೈಕಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇ. 1.9 ಮಾತ್ರ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೊರಗೆಡವಿದ ಅಂಕಿ ಇದು. 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ನಡೆಯಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. 2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ, ಆ ಒಂದೇ ವರ್ಷ ಭಾರತದಲ್ಲಿ ಈ ರೋಗಕ್ಕೆ ಬಲಿಯಾದವರು ಸುಮಾರು 80 ಸಾವಿರ.

ಸೌಲಭ್ಯಗಳ ಕೊರತೆ ಒಂದು ಕಾರಣವೆಂಬುದು ನಿರ್ವಿವಾದ. ಆದರೆ ಸೌಲಭ್ಯವಿರುವೆಡೆಯೂ ಮಹಿಳೆಯರು ಹಿಂಜರಿಯುತ್ತಾರೆ. 'ಹೆಂಗಸರಿಗೆ ನಾಚಿಕೆ, ಏನು ಮಾಡುವುದು' ಎಂಬ ಸಮಜಾಯಿಷಿ ಆರೋಗ್ಯ ಇಲಾಖೆಯ ಸಭೆಗಳಲ್ಲಿ ಸುಲಭವಾಗಿ ಸಲ್ಲುತ್ತದೆ. ಹೊಣೆಯನ್ನು ರೋಗಿಯ ಹೆಗಲಿಗೆ ಜಾರಿಸುವ ಈ ಮಾತು ಎಷ್ಟು ಸರಿ?

ಮುಂಬಯಿಯ ಅನುಭವ ಬೇರೆಯದನ್ನೇ ಹೇಳುತ್ತದೆ. ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಮತ್ತು ಸಂಗಡಿಗರು ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ತಪಾಸಣೆಯ ಗುಂಪಿನಲ್ಲಿ ಶೇ. 89ರಷ್ಟು ಮಂದಿ ಪರೀಕ್ಷೆಗೆ ಬಂದರು. ಪರೀಕ್ಷಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಪರೀಕ್ಷೆಗೆ ಮೊದಲು ತಿಳಿವಳಿಕೆ ನೀಡುವುದು ಕಾರ್ಯಕ್ರಮದ ಭಾಗವೇ ಆಗಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರ್ ಸಾವು ಶೇ. 31ರಷ್ಟು ತಗ್ಗಿತು. ಇನ್ನೊಂದು ಗುಂಪಿಗೆ ದೊರೆತದ್ದು ಆರೋಗ್ಯ ಶಿಕ್ಷಣ ಮಾತ್ರ. ಆ ಮಹಿಳೆಯರನ್ನು ತಪಾಸಣೆಯಿಂದ ಹೊರಗಿಟ್ಟದ್ದು ನ್ಯಾಯವೇ ಎಂಬ ಆಕ್ಷೇಪ ಆಮೇಲೆ ಬಲವಾಗಿಯೇ ಕೇಳಿಬಂತು, ಅದನ್ನು ತಳ್ಳಿಹಾಕುವಂತಿಲ್ಲ. ಬರಿಯ ಉಪದೇಶದಿಂದ ಜೀವ ಉಳಿಯದೆಂಬುದಕ್ಕೂ ಅದೇ ಅಧ್ಯಯನ ಸಾಕ್ಷಿ.

ಹಾಗಾದರೆ ತಿಳಿಸಬೇಕಾದದ್ದೇನು? ನಮ್ಮ ಕರಪತ್ರಗಳು ರೋಗದ ಭೀಕರತೆಯನ್ನು ಧಾರಾಳವಾಗಿ ವರ್ಣಿಸುತ್ತವೆ. ಪರದೆಯ ಆಚೆ ಏನು ನಡೆಯುತ್ತದೆಂಬುದನ್ನು ಮಾತ್ರ ಹೇಳುವುದಿಲ್ಲ. ಸಂಕೋಚ ಹುಟ್ಟುವುದು ಅಲ್ಲಿಯೇ. ಮುಟ್ಟಿನ ದಿನಗಳಲ್ಲಿ ಪರೀಕ್ಷೆ ಮಾಡುವುದಿಲ್ಲ. ಮೂತ್ರ ವಿಸರ್ಜಿಸಿ ಬರಬೇಕು. ಸೊಂಟದ ಕೆಳಗಿನ ಉಡುಪು ಮಾತ್ರ ಸಡಿಲಿಸಿ, ಮೊಣಕಾಲು ಮಡಿಸಿ ಮಲಗಬೇಕು. ಮೇಲೆ ಹೊದಿಕೆ ಕೇಳಿ ಪಡೆಯಬಹುದು. ಸ್ಪೆಕ್ಯುಲಂ ಎಂಬ ಸಾಧನದಿಂದ ಯೋನಿಮಾರ್ಗವನ್ನು ತುಸು ಅಗಲಿಸಿ, ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲದ ದ್ರಾವಣವನ್ನು ಹತ್ತಿಯಿಂದ ಗರ್ಭಕಂಠಕ್ಕೆ ಸವರಿ, ಒಂದು ನಿಮಿಷ ಕಾಯುತ್ತಾರೆ. ಇದು ಅಡುಗೆಮನೆಯ ವಿನೆಗರ್‌ನಂಥದೇ ದ್ರಾವಣ. ಬಿಳಿಯ ಮಚ್ಚೆ ಕಂಡರೆ ಮುಂದಿನ ಪರೀಕ್ಷೆ. ಬಿಳಿ ಮಚ್ಚೆಯೆಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ತುಸು ಒತ್ತಡ, ಉರಿ ಎನಿಸಬಹುದು. ಅರಿವಳಿಕೆ ಬೇಕಿಲ್ಲ. ಸಾಕೆನಿಸಿದರೆ ನಿಲ್ಲಿಸಿ ಎನ್ನಬಹುದು. ಪುರುಷ ವೈದ್ಯರಿದ್ದರೆ ಜೊತೆಗೆ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳಬಹುದು.

ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಹೇಳುವ ಭಾಷೆ ಮುಖ್ಯ. ಗ್ರಂಥಸ್ಥ ಪದಗಳು ಅನೇಕರಿಗೆ ಅರ್ಥವಾಗುವುದಿಲ್ಲ, ಆಡುಮಾತಿನ ಪದಗಳು ಬೈಗುಳದಂತೆ ಕೇಳಿಸುತ್ತವೆ. ಈ ಇಕ್ಕಟ್ಟಿನಲ್ಲಿ ಬಹಳಷ್ಟು ಸಿಬ್ಬಂದಿ ಮೌನಕ್ಕೆ ಶರಣಾಗುತ್ತಾರೆ. ಚಿತ್ರವೊಂದನ್ನು ತೋರಿಸಿ, ಸಾಧನವನ್ನು ಕೈಗೆ ಕೊಟ್ಟು ನೋಡಗೊಡುವುದು ಇದಕ್ಕೆ ಸರಳ ದಾರಿ.

ಮಹಿಳೆ ತಾನೇ ಮಾದರಿ ತೆಗೆದು ಕೊಡಬಹುದಾದ ಎಚ್‌ಪಿವಿ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಪುರಸ್ಕರಿಸಿದೆ. ಮುಜುಗರ ತಗ್ಗಿಸಲು ಇದು ನೆರವಾಗುವುದು ನಿಶ್ಚಿತ. ಆದರೂ ಫಲಿತಾಂಶ ಸೋಂಕನ್ನು ಸೂಚಿಸಿದರೆ ಆಕೆ ಮತ್ತೆ ಆ ಪರದೆಯ ಹಿಂದಕ್ಕೆ ಹೋಗಲೇಬೇಕು. ಗ್ರಾಮ ಮಟ್ಟದಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳಿವೆ, ಮನೆಮನೆಗೆ ತೆರಳುವ ಆಶಾ ಕಾರ್ಯಕರ್ತೆಯರಿದ್ದಾರೆ. ಶಿಬಿರದ ದಿನ ಎಷ್ಟು ಮಂದಿ ಬಂದರೆಂದು ಎಣಿಸುವ ಇಲಾಖೆ, ಅದಕ್ಕೂ ಮುನ್ನ ಎಷ್ಟು ಮಂದಿಗೆ ಪರೀಕ್ಷೆಯ ವಿಧಾನ ವಿವರಿಸಲಾಯಿತು ಎಂಬುದನ್ನೂ ಅದೇ ನಮೂನೆಯಲ್ಲಿ ದಾಖಲಿಸಲು ಹೊಸ ಅನುದಾನವೇನೂ ಬೇಕಾಗದು.