ನೀರೊಳಗಿನ ದೋಣಿಗೆ ಯಾವ ರಿಮೋಟು?

ಜಲಾಂತರ್ಗಾಮಿಯ ಮಾದರಿ ಮಾಡುವುದು ಶಾಲಾ ಮಕ್ಕಳಿಗೆ ಅಸಾಧ್ಯವಾದ ಕೆಲಸವೇನಲ್ಲ. ಪಿವಿಸಿ ಕೊಳವೆ, ಆಟಿಕೆಯ ಮೋಟಾರು, ನಾಲ್ಕು ಬ್ಯಾಟರಿ, ನೀರು ನುಗ್ಗದಂತೆ ಒಳ್ಳೆಯ ಅಂಟು ಇದ್ದರೆ ದೋಣಿಯ ಒಡಲು ಸಿದ್ಧ. ತೊಡಕಿರುವುದು ರಿಮೋಟಿನ ಆಯ್ಕೆಯಲ್ಲಿ. ಡ್ರೋನಿನ ರಿಮೋಟನ್ನೇ ಜೋಡಿಸಿದರೆ ದೋಣಿ ದಂಡೆಯ ಮೇಲೆ ಹೇಳಿದ ಮಾತು ಕೇಳುತ್ತದೆ, ನೀರಿನ ಮೇಲೆ ತೇಲುವಾಗಲೂ ಕೇಳುತ್ತದೆ. ಮುಳುಗಿದೊಡನೆ ಕಿವುಡಾಗುತ್ತದೆ. ಏಕೆ?

ರೇಡಿಯೊ ಅಲೆಗಳಿಂದ ದೋಣಿ ನಡೆಸುವ ವಿದ್ಯೆ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದ್ದ. ಆದರೆ ಅದು ತೇಲುವ ದೋಣಿ. ಅದರ ಆಂಟೆನಾ ಗಾಳಿಯಲ್ಲಿತ್ತು. ನೀರಿನೊಳಗಿನ ಕಥೆಯೇ ಬೇರೆ.

ಇಂದಿನ ಬಹುತೇಕ ರಿಮೋಟುಗಳು 2.4 ಗಿಗಾಹರ್ಟ್ಸ್ ಕಂಪನಾಂಕದವು. ಅಡುಗೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಸುಮಾರು ಇದೇ ಕಂಪನಾಂಕದಲ್ಲಿ. ಪಲ್ಯದಲ್ಲಿರುವ ನೀರು ಆ ಅಲೆಗಳನ್ನು ಹೀರಿಕೊಂಡು ಬಿಸಿಯಾಗುತ್ತದೆ. ಕೆರೆಯ ನೀರೂ ಹಾಗೆಯೇ ಹೀರಿಕೊಳ್ಳುತ್ತದೆ. ಒಂದು ಗೇಣು ಆಳಕ್ಕೆ ಇಳಿಯುವಷ್ಟರಲ್ಲಿ ಅಲೆಯ ಶಕ್ತಿಯಲ್ಲಿ ಸಾವಿರದ ಒಂದು ಪಾಲೂ ಉಳಿಯದು. ಹಳೆಯ ಆಟಿಕೆ ಕಾರುಗಳ 27 ಮೆಗಾಹರ್ಟ್ಸ್ ಅಲೆಗಳಾದರೋ ಸಿಹಿನೀರಿನಲ್ಲಿ ಒಂದೆರಡು ಮೀಟರು ಆಳದವರೆಗೂ ತಕ್ಕಮಟ್ಟಿಗೆ ಇಳಿಯುತ್ತವೆ. ಆದ್ದರಿಂದಲೇ ಬ್ರಿಟನ್ನಿನ ಹವ್ಯಾಸಿಗಳು 40, ಅಮೆರಿಕದವರು 75 ಮೆಗಾಹರ್ಟ್ಸಿನ ಹಳೆಯ ಸೆಟ್ಟುಗಳನ್ನು ಜಲಾಂತರ್ಗಾಮಿಗಳಿಗೆಂದು ಜೋಪಾನ ಮಾಡಿಕೊಂಡು ಬಂದಿದ್ದಾರೆ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ 27 ಮೆಗಾಹರ್ಟ್ಸ್ ಉಪಕರಣಗಳಿಗೆ 2005ರಿಂದ ಲೈಸೆನ್ಸಿನ ಅಗತ್ಯವಿಲ್ಲ. ಹೊರದೇಶದ ಬೇರೆ ಸೆಟ್ಟು ತರಿಸುವವರು ಮೊದಲು ಇಲ್ಲಿಯ ನಿಯಮ ವಿಚಾರಿಸಬೇಕು.

ಕಂಪನಾಂಕದಷ್ಟೇ ಮುಖ್ಯವಾದದ್ದು ನೀರಿನ ಗುಣ. ರಾಡಿ ನೀರು ನಮ್ಮ ಕಣ್ಣಿಗೆ ಅಡ್ಡಿ. ರೇಡಿಯೊಗೆ ಅಷ್ಟಾಗಿ ಅಲ್ಲ. ರೇಡಿಯೊಗೆ ಅಡ್ಡಿಯಾಗುವುದು ಕರಗಿದ ಉಪ್ಪು. ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಅಲೆಯ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯ ಕೊಳವೆಬಾವಿಗಳಲ್ಲಿ ಸವಳು ನೀರೇ ಹೆಚ್ಚು. ಅದು ನೋಡಲು ತಿಳಿಯಾಗಿದ್ದರೂ ದೋಣಿ ಅದರಲ್ಲಿ ಬೇಗ ಕಿವುಡಾಗುತ್ತದೆ. ಕೆಂಬಣ್ಣದ ಮಳೆನೀರಿನ ಹೊಂಡದಲ್ಲಿ ಅದೇ ದೋಣಿ ಇನ್ನೂ ಆಳಕ್ಕೆ ಮಾತು ಕೇಳುತ್ತದೆ. ಸಮುದ್ರದಲ್ಲಂತೂ 27 ಮೆಗಾಹರ್ಟ್ಸ್ ಕೂಡ ಒಂದು ಗೇಣು ದಾಟುವುದು ಕಷ್ಟ. ನೌಕಾಪಡೆಯ ನಿಜವಾದ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ಕೆಲವೇ ಕಿಲೋಹರ್ಟ್ಸ್‌ಗಳ ಅತಿ ನೀಳವಾದ ಅಲೆಗಳು ಬೇಕು. ಅದಕ್ಕೆಂದೇ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ 1990ರಲ್ಲಿ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರ ಆರಂಭವಾಯಿತು. ಆ ಅಲೆಗಳೂ ಇಳಿಯುವುದು ಕೆಲವೇ ಮೀಟರು. ಇನ್ನೂ ಆಳಕ್ಕೆ ಶಬ್ದವೇ ಗತಿ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ತಳವನ್ನು ಹುಡುಕಲು ನೌಕಾಪಡೆ ಸೋನಾರ್ ಬಳಸಿದ್ದು ನೆನಪಿರಬಹುದು.

ಹಾಗಾದರೆ ಯಾವುದನ್ನು ಆರಿಸಬೇಕು? ಮೊದಲ ಮಾದರಿಗೆ ಕೆಟ್ಟುಹೋದ ಆಟಿಕೆ ಕಾರಿನ ಸರ್ಕ್ಯೂಟೇ ಸಾಕು. ಕಾರಿನ ಹೊಟ್ಟೆಯ ಮೇಲೆ 27 ಮೆಗಾಹರ್ಟ್ಸ್ ಎಂದು ಬರೆದಿದೆಯೇ ನೋಡಿ. ಹೊಸ ಆಟಿಕೆಗಳು ಹೆಚ್ಚಾಗಿ 2.4ರವು. ಅದರಲ್ಲಿ ಮುಂದೆ–ಹಿಂದೆ, ಎಡ–ಬಲ ಎಂಬ ಎರಡೇ ಆಜ್ಞೆಗಳಿರುತ್ತವೆ. ಮುಳುಗಿಸಲು ಮೂರನೆಯ ಆಜ್ಞೆ ಬೇಕಿಲ್ಲ. ದೋಣಿಯನ್ನು ನೀರಿಗಿಂತ ತುಸು ಹಗುರವಾಗಿಟ್ಟು, ಮುಂಭಾಗದ ಎರಡು ಪುಟ್ಟ ರೆಕ್ಕೆಗಳನ್ನು ಕೆಳಮುಖವಾಗಿ ಬಾಗಿಸಿ. ಓಡುವಾಗ ಅದು ಇಳಿಯುತ್ತದೆ, ನಿಂತಾಗ ತೇಲುತ್ತದೆ. ತೀರಾ ಆಳಕ್ಕೆ ಹೋಗಿ ಸಂಕೇತ ತಪ್ಪಿದರೆ ಇಂಥ ಸರ್ಕ್ಯೂಟಿನಲ್ಲಿ ಮೋಟಾರು ತಾನಾಗಿ ನಿಲ್ಲುತ್ತದೆ, ದೋಣಿ ಮೇಲಕ್ಕೆ ಬರುತ್ತದೆ. ಆಂಟೆನಾದ ತಂತಿ ಒಡಲಿನೊಳಗೇ ಇರಲಿ. ಹೊರಗೆ ಬಿಟ್ಟರೆ ಅದರ ತುದಿಯನ್ನು ಅಂಟಿನಿಂದ ಮುಚ್ಚಿ. ಬರಿಯ ತಂತಿ ನೀರಿಗೆ ತಾಗಬಾರದು.

ನೀರು ತುಂಬಿ ಹೊರಚೆಲ್ಲುವ ದೊಡ್ಡ ಮಾದರಿಗೆ ನಾಲ್ಕು ಚಾನೆಲ್ಲಿನ ಸೆಟ್ಟು ಬೇಕಾಗುತ್ತದೆ: ವೇಗಕ್ಕೆ, ಚುಕ್ಕಾಣಿಗೆ, ರೆಕ್ಕೆಗೆ, ನೀರಿನ ತೊಟ್ಟಿಗೆ ಒಂದೊಂದು. ಸಂಕೇತ ತಪ್ಪಿದೊಡನೆ ಮೋಟಾರು ನಿಲ್ಲಿಸಿ ನೀರು ಹೊರಹಾಕುವ ವ್ಯವಸ್ಥೆ ಅದರಲ್ಲಿ ಇರಲೇಬೇಕು. 2.4ರ ಸೆಟ್ಟೇ ಕೈಲಿದ್ದರೆ ಆಂಟೆನಾವನ್ನು ತೇಲುವ ಬೆಂಡಿಗೆ ಕಟ್ಟಿ, ಕೇಬಲ್ಲಿನಿಂದ ದೋಣಿಗೆ ಜೋಡಿಸಿ.

ಮೊದಲ ಪರೀಕ್ಷೆ ಮನೆಯ ಸಿಮೆಂಟ್ ತೊಟ್ಟಿಯಲ್ಲೇ ಆಗಲಿ. ರಿಸೀವರಿಗೆ ಪುಟ್ಟ ಬಲ್ಬು ಜೋಡಿಸಿ, ಪ್ಲಾಸ್ಟಿಕ್ ಬರಣಿಯಲ್ಲಿ ಕಲ್ಲಿನೊಂದಿಗೆ ಭದ್ರಪಡಿಸಿ, ಗೇಣಿಗೊಂದು ಗಂಟು ಹಾಕಿದ ಹಗ್ಗದಿಂದ ಇಳಿಬಿಡಿ. ಗುಂಡಿ ಒತ್ತಿದಾಗ ಬಲ್ಬು ಎಷ್ಟನೆಯ ಗಂಟಿನವರೆಗೆ ಹೊತ್ತುತ್ತದೆಯೋ ಅದೇ ನಿಮ್ಮ ಸೆಟ್ಟಿನ ಎಲ್ಲೆ.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಊರುಗಳಲ್ಲಿ ಕೆರೆಯೆಂದರೆ ಕುಡಿಯುವ ನೀರು. ಬ್ಯಾಟರಿ ತುಂಬಿದ ದೋಣಿಗೆ ಅಲ್ಲಿ ಜಾಗವಿಲ್ಲ. ಕೃಷಿ ಹೊಂಡದ ಅಂಚು ಜಾರುತ್ತದೆ. ಒಳಗೆ ಬಿದ್ದವರಿಗೆ ಹತ್ತಿ ಬರಲು ಹಿಡಿತ ಸಿಗದು. ಹಿರಿಯರಿಲ್ಲದೆ ಅದರ ಬಳಿ ಸುಳಿಯಬೇಡಿ. ದೋಣಿಯ ಬಾಲಕ್ಕೆ ಗಟ್ಟಿ ನೈಲಾನ್ ದಾರ ಕಟ್ಟಿಯೇ ನೀರಿಗೆ ಬಿಡಿ. ದಾರ ಹರಿದು ದೋಣಿ ಮುಳುಗಿದರೆ ಮುಳುಗಲಿ, ಯಾರೂ ಹಿಂದೆ ಇಳಿಯಕೂಡದು. ದೋಣಿಯನ್ನು ಇನ್ನೊಮ್ಮೆ ಮಾಡಬಹುದು.